ಬರಬೇಡ ಎಂದು ಕರೆದದ್ದು

ಮಾರ್ಚ್ ೧೪, ರಾತ್ರಿ

ಸಮಸ್ತ ಮಾನವಕುಲಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಗುವ ಹಳದಿ ಮುಖವೊಂದನ್ನು ಹಾಕಲು ನಾನು ಮರೆತೆ.

ನಾಳೆ ಬರುತ್ತೇನೆಂದು ಅಕ್ಕ ಮೆಸೇಜ್ ಮಾಡಿದ್ದಳು, ಎರಡು ವರ್ಷದ ಮೇಲೆ. ಸಂತೋಷ ತಡೆಯಲಾರದೆ, "ಬರಲೇಬೇಡ ತಾಯಿ, ಇರೋ ನೆಮ್ಮದಿನೂ ಹೋಗುತ್ತೆ" ಎಂದು ಬರೆದೆ. ಪ್ರೀತಿ ಉಕ್ಕಿದಾಗ ನಾವಿಬ್ಬರೂ ಆಡುವುದೇ ಹೀಗೆ. ಎದುರಿಗಿದ್ದಿದ್ದರೆ ಕಿವಿ ಹಿಂಡಿ ನಗುತ್ತಿದ್ದಳು. ಬಂದ ಉತ್ತರ ಒಂದೇ ಪದ: "ಆಗಲಿ."

ಇದು ಮುನಿಸೋ, ತಿರುಗೇಟೋ? ವಾರವಾರ ಪತ್ರಿಕೆಯಲ್ಲಿ ಊರನ್ನು ನಗಿಸಿ ಹೊಟ್ಟೆ ಹೊರೆಯುವ ನನಗೆ ಅದರ ತಲೆಬುಡ ತಿಳಿಯುತ್ತಿಲ್ಲ. "ತಮಾಷೆಗೆ ಅಂದೆ" ಎಂದು ಬರೆದು ಅಳಿಸಿದೆ; ಅದು ಇನ್ನೂ ದೊಡ್ಡ ಸುಳ್ಳಿನಂತೆ ಕಂಡಿತು.

ಹೆಂಡತಿ ನನ್ನ ಮೆಸೇಜನ್ನು ರೈಲು ನಿಲ್ದಾಣದ ಪ್ರಕಟಣೆಯಂತೆ ಓದಿ ತೋರಿಸಿದಳು. "ನಿಮ್ಮ ಹಲ್ಲು ಅವರ ಫೋನಲ್ಲಿ ಕಾಣ್ಸುತ್ತೇನ್ರೀ?"

ಅಕ್ಕನ ದಿಂಬಿಗೆ ಹೊಸ ಗವಸು ಹಾಕಿಯಾಗಿದೆ. ತೆಗೆಯಲೋ, ಬಿಡಲೋ? ಏನೋ, ಒಂದೂ ತೋಚುತ್ತಿಲ್ಲ.

ಈ ಪುಸ್ತಕವನ್ನು ಕದ್ದು ಓದುವ ಶ್ರೀಮತಿಯವರೇ, ಬೆಳಿಗ್ಗೆ ಎದ್ದೊಡನೆ ಅಕ್ಕನಿಗೆ ಫೋನ್ ಮಾಡಿ ನನ್ನ ಕೈಗೆ ಕೊಡಿ. ಮೊದಲ "ಹಲೋ" ಮಾತ್ರ ನೀವೇ ಹೇಳಿಬಿಡಿ.