ಗಂಟೆ ಇಲ್ಲದ ಜಪಾನಿ ಹಾಡು

ಸುಮನಾ,

ಇದನ್ನ ನಿನಗೆ ಕಳಿಸಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದೀನಿ. ನಮ್ಮ ಜಪಾನಿ ಅನಿಮೆ ಕಾರ್ಟೂನಿನ ಹಾಡು ಕೊನೆಗೂ ಮ್ಯೂಸಿಕ್ ಆ್ಯಪಲ್ಲಿ ಬಂತು ಕಣೇ! ಕಾಲೇಜಲ್ಲಿದ್ದಾಗ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅಂತಿತ್ತಲ್ಲ, ಸದಾಶಿವನಗರದ ನಿಮ್ಮನೇಲಿ ಲ್ಯಾಪ್‌ಟಾಪ್ ಮುಂದೆ ನಿನ್ನ ಫೋನ್ ಹಿಡಿದು ನೀನು ರೆಕಾರ್ಡ್ ಮಾಡಿ ನನಗೆ ಕಳಿಸಿದ್ದೆಯಲ್ಲ, ಅದೇ.

ಇವತ್ತು ಬೆಳಗ್ಗೆ ಗುಬ್ಬಿ ಬಸ್ಸಲ್ಲಿ ಕೇಳಿದೆ. ಪಲ್ಲವಿ ಮುಗೀತು, ನಿನ್ನ ರೆಕಾರ್ಡಿಂಗಲ್ಲಿ ಅಲ್ಲಿ ಕೇಳಿಸ್ತಿದ್ದ ಗಂಟೆ ಸದ್ದು ಬರಲೇ ಇಲ್ಲ. ‘ಗಂಟೆ ಯಾಕೆ ಕಟ್ ಮಾಡಿದ್ದೀರಾ?’ ಅಂತ ಆ್ಯಪ್‌ನೋರಿಗೆ ಕಂಪ್ಲೇಂಟೂ ಕಳಿಸಿಬಿಟ್ಟೆ. ಆಮೇಲೆ ಪಕ್ಕ ಕೂತಿದ್ದ ಯಜಮಾನರ ಹಣೆಯ ವಿಭೂತಿ ನೋಡಿ ಹೊಳೀತು: ಅದು ನಿಮ್ಮ ಕರಿಬಸಮ್ಮಜ್ಜಿ ಪಕ್ಕದ ರೂಮಲ್ಲಿ ಲಿಂಗಪೂಜೆಗೆ ಬಾರಿಸಿದ್ದು! ಆರು ವರ್ಷ ಅದನ್ನ ಜಪಾನಿನೋರದ್ದು ಅಂದ್ಕೊಂಡಿದ್ದೆ.

ಹಾಡನ್ನ ಮತ್ತೆ ಹಾಕಿದೆ. ಆ ಜಾಗ ಬಂದಾಗ ನಾನೇ ಬಾಯಲ್ಲಿ ‘ಟಿಣ್ ಟಿಣ್’ ಅಂದೆ. ಕಿವೀಲಿ ಇಯರ್‌ಫೋನ್ ಇತ್ತಲ್ಲ, ಜೋರಾಗೇ ಅಂದಿರಬೇಕು. ಯಜಮಾನರು ತಟ್ಟನೆ ಕಿಟಕಿ ಕಡೆ ತಿರುಗಿ ಕೈ ಮುಗಿದರು.

ನಗು ತಡೀಲಾರದೆ ನಿನಗೆ ಹೇಳೋಣ ಅಂತ ಫೋನಲ್ಲಿ ನಿನ್ನ ಹೆಸರು ತೆಗೆದೆ. ನಾವು ಜಗಳ ಆಡಿದ ದಿನ ಬ್ಲಾಕ್ ಮಾಡಿದ್ದು ನಾನೇ. ಅವತ್ತೇ, ಅದೇ ಸಿಟ್ಟಲ್ಲಿ, ಆ ರೆಕಾರ್ಡಿಂಗ್ ಡಿಲೀಟ್ ಮಾಡಿದ್ದೂ ನಾನೇ.

ಈಗ ಹಾಡು ಊರಿಗೆಲ್ಲ ಸಿಗುತ್ತೆ ಕಣೇ. ಅಜ್ಜಿ ಗಂಟೆ ಮಾತ್ರ ನಿನ್ನ ಫೋನಲ್ಲೇ ಇದೆ.