ಮುಳ್ಳು ಹತ್ತದ ಪ್ಯಾಂಟು

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
ಭಾನುವಾರ

ಮೈ ಡಿಯರ್ ಚಂದ್ರಮತಿ,

ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಅಂತ ಶುರು ಮಾಡಿದ್ದೆ, ಹೊಡೆದುಹಾಕಿದೆ. ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ರಜಾ ಅರ್ಜಿಯ ಈ ಒಂದು ಸಾಲು. ನೀನು ತೀರಿಹೋಗಿ ನಾಲ್ಕು ವರ್ಷವಾಯಿತು ಮಾರಾಯ್ತಿ, ಇವತ್ತೇ ನಿನಗೆ ಮೊದಲ ಕಾಗದ. ನಮ್ಮ ಲೈನ್‌ಮನ್ ನಿರಂಜನ ಮೊನ್ನೆ ಫೋನಿನಲ್ಲಿ ಒಂದು ಮಾತು ಕೇಳಿದ. ಅದಕ್ಕೆ ಉತ್ತರ ನಿನ್ನ ಹತ್ತಿರ ಮಾತ್ರ ಇದೆ. ಅಲ್ಲಿಗೆ ಬರುವ ಮೊದಲು ದೀಪ್ತಿಯ ಸಂಗತಿ ಹೇಳಬೇಕು.

ನಿನ್ನ ಮಗಳು ಈಗ ಮರಳುಗಾಡಿನಲ್ಲಿ ಕೂತು ಅಮೆರಿಕದ ಕಾಡಿಗೆ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುತ್ತಾಳೆ. ಅಲ್ಲಿಯ ಒಂದು ರಾಜ್ಯದಲ್ಲಿ ಕಾನೂನು ಇದೆಯಂತೆ. ತಮ್ಮ ತಂತಿಯಿಂದ ಕಾಡ್ಗಿಚ್ಚು ಏಳದಂತೆ ಏನೇನು ಮಾಡುತ್ತೇವೆ ಎಂದು ಕರೆಂಟು ಕಂಪನಿಯವರು ಯೋಜನೆ ಬರೆದು ಸರ್ಕಾರಕ್ಕೆ ಕೊಡಬೇಕು. ಎಲ್ಲಿ ಮರದ ಗೆಲ್ಲು ಕಡಿದೆವು, ಯಾವ ಕಂಬ ನೋಡಿದೆವು, ಗಾಳಿ ಜೋರಾದರೆ ಯಾವ ಲೈನು ಬಂದ್ ಮಾಡುತ್ತೇವೆ, ಎಲ್ಲವೂ. ಸರ್ಕಾರದವರು ಸಾಲುಸಾಲು ಓದಿ, ಸರಿಯಿಲ್ಲದಿದ್ದರೆ ವಾಪಸು ಕಳಿಸುತ್ತಾರೆ. ಆ ಕಾಗದಪತ್ರ ತಯಾರಿಸುವ ಗುತ್ತಿಗೆ ದೀಪ್ತಿಯ ಆಫೀಸಿಗೆ ಸಿಕ್ಕಿದೆ. ಪರಿಶೀಲಿಸಿದ್ದೇನೆ ಎಂದು ಕೊನೆಗೆ ಸಹಿ ಹಾಕುವವಳು ಅವಳು. ನಮ್ಮ ಕಾಲದಲ್ಲಿ ರಿಜಿಸ್ಟರನ್ನು ಮನಸ್ಸಿಟ್ಟು ಓದುತ್ತಿದ್ದದ್ದು ಗೆದ್ದಲು ಮಾತ್ರ.

ಎರಡು ತಿಂಗಳ ಹಿಂದೆ ಅವಳ ಕಣ್ಣಿಗೆ ಒಂದು ಕಾಗೆ ಬಿತ್ತು. ಹನ್ನೊಂದು ಮೈಲಿ ಉದ್ದದ ಗುಡ್ಡದ ಲೈನು. ಈ ವರ್ಷದ ಫೋಟೋದಲ್ಲೂ ಹೋದ ವರ್ಷದ್ದರಲ್ಲೂ ಅದೇ ಕಂಬ, ಅದರ ಮೇಲೆ ಅದೇ ಕಾಗೆ, ಅದೇ ಕಡೆಗೆ ಕತ್ತು ವಾಲಿಸಿ ಕೂತಿದೆ. ಅಂದರೆ ಈ ವರ್ಷ ಯಾರೂ ಹೋಗಿ ನೋಡಿಯೇ ಇಲ್ಲ. ಅವಳ ಮ್ಯಾನೇಜರ್ ಟ್ರೆವರ್, ಕೆಟ್ಟವನೇನಲ್ಲ, ಸಣ್ಣ ವಿಷಯ, ಯಲ್ಲಾ, ಬೇಗ ಸೈನ್ ಮಾಡು ಎಂದನಂತೆ. ಅವಳ ಕಾಂಟ್ರಾಕ್ಟು ಮುಂದುವರಿಯುವುದು ಅವನ ಕೈಯಲ್ಲಿ. ಕಾಂಟ್ರಾಕ್ಟಿಗೆ ಅವಳ ವೀಸಾ, ಅವಳ ವೀಸಾಕ್ಕೆ ನನ್ನ ವೀಸಾ ಜೋತುಬಿದ್ದಿದೆ.

ಆಗೊಂದು ಬೆಳಿಗ್ಗೆ ದೋಸೆ ಮಗುಚುತ್ತಾ ಕೇಳಿದಳು, "ಪಪ್ಪಾ, ನೀವು ಕರೆಂಟು ಇಲಾಖೆಯಲ್ಲಿ ಜೆ.ಇ. ಆಗಿದ್ದಾಗ ಎಲ್ಲಾ ಲೈನೂ ನಡೆದು ನೋಡುತ್ತಿದ್ದಿರಾ?"

"ಪ್ರತಿಯೊಂದು ಕಂಬ" ಎಂದೆ. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಕಾರ್ಕಳದ ಕ್ವಾರ್ಟರ್ಸು ನೆನಪಿದೆಯಲ್ಲ ನಿನಗೆ. ಬೇಸಗೆಯಲ್ಲಿ ನಾನು ಲೈನು ನಡೆದು ಬಂದ ದಿನ ಪ್ಯಾಂಟಿನ ತುಂಬ ಒಣಹುಲ್ಲಿನ ಮುಳ್ಳು. ನೀನು ಮೆಟ್ಟಿಲ ಮೇಲೆ ಕೂತು ಒಂದೊಂದೇ ಕೀಳುತ್ತಾ, ಗುಡ್ಡವನ್ನೇ ಹೊತ್ತು ತಂದಿರಾ ಎಂದು ಬೈಯುತ್ತಿದ್ದೆ. ಆ ಬೈಗುಳ ಕೇಳಲಿಕ್ಕೇ ನಾನು ಕೆಲವು ಸಲ ದಾರಿ ಬಿಟ್ಟು ಹುಲ್ಲಿನಲ್ಲಿ ನಡೆದದ್ದುಂಟು. ಇದನ್ನೂ ನಿನಗೆ ಹೇಳಿರಲಿಲ್ಲ.

ಒಂದು ಮಾರ್ಚಿನಲ್ಲಿ ಕ್ರಿಕೆಟ್ ಮ್ಯಾಚು. ಸೆಕ್ಷನ್ ಆಫೀಸಿನ ಪಕ್ಕದ ಅಂಗಡಿಯಲ್ಲಿ ಟಿವಿ. ನಾನು ಗೇರುಗುಡ್ಡದ ಲೈನಿಗೆ ಹೋಗಲಿಲ್ಲ. ರಿಜಿಸ್ಟರಿನಲ್ಲಿ ಹಿಂದಿನ ವರ್ಷದ ಪುಟವನ್ನೇ ನೋಡಿ ಬರೆದು ಸಹಿ ಹಾಕಿದೆ. ಮಾವಿನ ಗೆಲ್ಲು ಕಡಿಸಲಾಗಿದೆ ಎಂದೂ ಬರೆದೆ. ಆ ಮಾವಿನ ಮರ ಹಿಂದಿನ ಮಳೆಗಾಲದಲ್ಲೇ ಬುಡಸಮೇತ ಬಿದ್ದುಹೋಗಿತ್ತು. ಸಂಜೆ ನೀನು ಪ್ಯಾಂಟು ಕೊಡವಿ, "ಇವತ್ತು ಒಂದೂ ಮುಳ್ಳಿಲ್ಲವಲ್ಲ" ಎಂದೆ. ದಾರಿಯ ಹುಲ್ಲು ಯಾರೋ ಕೊಯ್ದಿದ್ದಾರೆ ಎಂದೆ ನಾನು.

ಹನ್ನೆರಡು ದಿನಕ್ಕೆ ಗೇರಿನ ಗೆಲ್ಲು ತಂತಿಗೆ ತಾಗಿ ಕಿಡಿ ಹಾರಿತು. ಗುಡ್ಡ ಉರಿಯಿತು. ಗುಡ್ಡದ ಬದಿಯಲ್ಲಿದ್ದ ನಫೀಸ ಮಗುವನ್ನು ಎತ್ತಿಕೊಂಡು ಓಡಿ ಬದುಕಿದಳು, ಅವಳ ಮನೆ, ಎರಡು ಆಡು ಹೋದವು. ವಿಚಾರಣೆಯಲ್ಲಿ ನಾನು, ಗೆಲ್ಲು ಕಡಿಯಲು ನಿರಂಜನನಿಗೆ ಹೇಳಿದ್ದೆ, ಅವನು ಕಡಿಯಲಿಲ್ಲ ಎಂದುಬಿಟ್ಟೆ. ಅವನಿಗೆ ಆರು ತಿಂಗಳು ಸಸ್ಪೆನ್ಷನ್. ಗೊತ್ತಾಗಿದ್ದ ಮದುವೆಯೂ ಮುರಿಯಿತು. ನನಗೆ ವಾರ್ನಿಂಗ್ ಕೂಡ ಇಲ್ಲ.

ದೀಪ್ತಿ ಹಾಗೆ ಕೇಳಿದ ಮರುದಿನ ಅವಳೊಡನೆ ಅಲ್ ಮೀನಾ ಮಾರ್ಕೆಟ್ಟಿಗೆ ಮೀನಿಗೆ ಹೋಗಿದ್ದೆ. ಬಂಗುಡೆ ಕಟ್ಟಿಸಿಕೊಂಡು ಕಾರಿನಲ್ಲಿ ಕೂತ ಮೇಲೆ ಎಲ್ಲ ಹೇಳಿದೆ. ಅವಳು ಕಾರು ಸ್ಟಾರ್ಟ್ ಮಾಡಲಿಲ್ಲ. ಒಂದೇ ಮಾತು ಕೇಳಿದಳು, "ನಿರಂಜನ ಅಂಕಲ್ ಇದ್ದಾರಾ?"

ಆ ವಾರವೇ ಅವಳು ಯೋಜನೆಯಲ್ಲಿ ಬರೆದಳು: ಈ ಹನ್ನೊಂದು ಮೈಲಿಯನ್ನು ಈ ವರ್ಷ ಯಾರೂ ನೋಡಿಲ್ಲ. ಅದರ ಕೆಳಗೆ ಸಹಿ. ಟ್ರೆವರ್ ಗೊಣಗುತ್ತಲೇ ಹಾಗೇ ಕಳಿಸಿದ. ಸರ್ಕಾರ ಯೋಜನೆಯನ್ನು ವಾಪಸು ಕಳಿಸಿತು, ಒಣಗಾಳಿ ಶುರುವಾಗುವ ಮೊದಲು ನಡೆದು ನೋಡಿ ಬರೆಯಿರಿ ಎಂದು. ಕಂಪನಿಯವರು ಶಪಿಸುತ್ತಾ ನಡೆದರಂತೆ. ಸತ್ತ ಮರಗಳು ಮೂರು, ತಂತಿಯ ಕಡೆಗೇ ವಾಲಿದ್ದವು. ಟ್ರೆವರ್ ಕಾಂಟ್ರಾಕ್ಟಿನ ವಿಷಯಕ್ಕೆ ಇನ್ನೂ ಬಾಯಿ ಬಿಟ್ಟಿಲ್ಲ. ಕೆಲಸ ಖಲಾಸ್ ಆದರೆ ಊರಿಗೆ ಹೋಗೋಣ ಪಪ್ಪಾ ಎನ್ನುತ್ತಾಳೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾಳೆ, ನಿನ್ನ ಹಾಗೆ.

ಮಗಳು ಅಷ್ಟು ಮಾಡಿದ ಮೇಲೆ ನಾನು ಸುಮ್ಮನಿರುವ ಹಾಗಿರಲಿಲ್ಲ. ಮೊನ್ನೆ ಶುಕ್ರವಾರ ನಿರಂಜನನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಇಲಾಖೆಗೂ ಬರೆದು ಕೊಡುತ್ತೇನೆ ಎಂದೆ. ನಡೆಯದೆ ಸಹಿ ಹಾಕಿದ್ದು ಅವನಿಗೆ ಮೊದಲೇ ಗೊತ್ತಿತ್ತು, ಮತ್ತೆ ಗೊತ್ತಿಲ್ಲದೆ ಇರುತ್ತದಾ. ಬೈಯಲಿಲ್ಲ. "ಸಸ್ಪೆಂಡ್ ಆದ ಆರು ತಿಂಗಳೂ ಚಂದ್ರಮತಿ ಅಕ್ಕ ನನ್ನನ್ನು ಆದಿತ್ಯವಾರ ಊಟಕ್ಕೆ ಕರೆಯುತ್ತಿದ್ದರು. ಅವರಿಗೆ ಗೊತ್ತಿತ್ತಾ ಸಾರ್?" ಎಂದು ಕೇಳಿದ.

ಗೊತ್ತಿಲ್ಲ ಎಂದೆ. ಎರಡು ದಿನ ಯೋಚಿಸಿದೆ ಚಂದ್ರಮತಿ. ಕೊಯ್ದ ಹುಲ್ಲಾಗಿದ್ದರೆ ಗುಡ್ಡ ಹಾಗೆ ಉರಿಯುತ್ತಿರಲಿಲ್ಲ, ಅದು ನಿನಗೂ ಹೊಳೆದಿರಬೇಕು. ಬೆಂಕಿಯಾದ ಮೇಲೆ ನೀನು ನನ್ನ ಪ್ಯಾಂಟಿನ ಮುಳ್ಳು ಕೀಳುವುದನ್ನೇ ಬಿಟ್ಟೆ. ಕೇಳಿದರೆ ಕಣ್ಣು ಮಂಜು ಎಂದೆ. ಆಗ ನಿನಗೆ ಇಪ್ಪತ್ತೊಂಬತ್ತು ವರ್ಷ.

ನಾಳೆ ಅವನಿಗೆ ಫೋನು ಮಾಡಿ, ಗೊತ್ತಿತ್ತು ಎನ್ನುತ್ತೇನೆ. ನೀನಿರುವಲ್ಲಿ ನೆರಳಿರಲಿ, ತಂಪಿರಲಿ.

ಯುವರ್ಸ್ ಒಬೀಡಿಯೆಂಟ್ಲಿ,
ನಿನ್ನ ಪುರಂದರ