ನೀವು ಬೇಡವೆಂದ ಹತ್ತು ಚಾಕುಗಳು

ಶಂಕಗಿರಿ
೧೨ ಫೆಬ್ರವರಿ ೧೯೭೮, ಭಾನುವಾರ

ನನ್ನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದ ಅಣ್ಣಯ್ಯಪ್ಪ ಮಾವನವರ ಕಾಲಿಗೆ ಬಿದ್ದು ನಂಜಪ್ಪ ಬರೆಯುವ ಕಾಗದ.

ಬರುವ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ನಾವು ಊರಿಗೆ ಬರುತ್ತಿದ್ದೇವೆ. ನಾನು, ರಾಜಾತಿ, ನಲವತ್ತೈದು ದಿನದ ಮಗು, ಜೊತೆಗೆ ಬಾಣಂತನ ಮುಗಿಸಿ ಮರಳುತ್ತಿರುವ ಸಣ್ಣಕ್ಕತ್ತೆ. "ಬರೋ ಮುಂಚೆ ಏಳಿ ಕಳ್ಸು, ಸುಮ್ಕೆ ಬಂದು ನಿಂತ್ಕಬ್ಯಾಡ" ಎಂದು ನೀವು ಪ್ರತಿ ಸಲ ಹೇಳುತ್ತಿದ್ದಿರಲ್ಲ, ಅದಕ್ಕೇ ಈ ಕಾಗದ. ಇಷ್ಟು ವರ್ಷ ಪಾಲಕೋಡಿನ ತರಕಾರಿ ಲಾರಿಯವರ ಕೈಲಿ ಹೇಳಿ ಕಳಿಸುತ್ತಿದ್ದೆ. ಈ ಸಲದ ಮಾತು ಅವರ ಕೈಲಿ ಹೇಳಿ ಕಳಿಸುವಂಥದ್ದಲ್ಲ. ಗೋಪಾಲಪ್ಪ ಮೇಷ್ಟ್ರು ಓದಿ ಹೇಳುತ್ತಾರೆ. ಮೇಷ್ಟ್ರೇ, ನೀವು ಕಲಿಸಿದ ಐದು ಕ್ಲಾಸಿನ ಕನ್ನಡವನ್ನು ಬೆಂಗಳೂರಿನ ಲೋಡು ಸಿಕ್ಕಾಗಲೆಲ್ಲ ಪತ್ರಿಕೆ ಕೊಂಡು ಓದಿ ಉಳಿಸಿಕೊಂಡಿದ್ದೇನೆ. ತಪ್ಪಿದ್ದರೆ ಮಾವನಿಗೆ ಗೊತ್ತಾಗದ ಹಾಗೆ ತಿದ್ದಿಕೊಂಡು ಓದಿ. ಜಗಲಿಯ ಮೇಲೆ ಬೇರೆ ಯಾರಾದರೂ ಕೂತಿದ್ದರೆ ಏನಾದರೂ ನೆಪ ಹೇಳಿ ಎಬ್ಬಿಸಿ ಕಳಿಸಿ.

ಮಾವ, ನಾನು ಮನೆ ಬಿಟ್ಟ ದಿನ ನಿಮಗೆ ಮರೆತಿರಲಾರದು. ಅರವತ್ತೇಳರ ಬೇಸಿಗೆ, ನನಗೆ ಹತ್ತೊಂಬತ್ತು. ಅಮ್ಮ ಸತ್ತಾಗ ನಾಲ್ಕು ವರ್ಷದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರು ನೀವು. ನಿಮಗೆ ಮಕ್ಕಳಾಗಲಿಲ್ಲ. ಮಂದೆಯೆಲ್ಲ ನನ್ನ ತಂಗಿ ಮಗನಿಗೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದಿರಿ. ನಾನಾದರೋ ಕುರಿಯ ಹಿಂದೆ ನಡೆಯುತ್ತ ದೂರದ ರಸ್ತೆಯ ಲಾರಿಗಳನ್ನೇ ನೋಡುತ್ತಿದ್ದೆ. ಶಂಕಗಿರಿಯ ಡ್ರೈವರು ಪೊನ್ನುಸ್ವಾಮಿ ಅಣ್ಣ ಕ್ಲೀನರ್ ಕೆಲಸ ಕೊಡುತ್ತೇನೆ ಅಂದಾಗ ನಿಮ್ಮನ್ನು ಕೇಳಲಿಲ್ಲ, ಹೊರಟಿದ್ದೇನೆ ಎಂದು ಹೇಳಿದೆ ಅಷ್ಟೆ. ನೀವು ಯಾವುದೋ ಮರಿಯ ಕಾಲು ಹಿಡಿದು ಗೊರಸು ನೋಡುತ್ತಿದ್ದಿರಿ. ತಲೆ ಎತ್ತದೆಯೇ, "ಓಗು. ಓದ ಮೇಲೆ ಈ ಒಸ್ಲು ತುಳೀಬ್ಯಾಡ" ಅಂದಿರಿ. ನೀವು ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ನನಗೂ ಆಗ ಕೋಪ ಮೂಗಿನ ತುದಿಯಲ್ಲೇ ಇತ್ತು. ಹಿಂದೆ ತಿರುಗಿ ನೋಡದೆ ಬಂದುಬಿಟ್ಟೆ.

ಬಸ್ಸಿನಲ್ಲಿ ಕೂತು ಜೇಬಿಗೆ ಕೈ ಹಾಕಿದರೆ ನಿಮ್ಮ ಮಡಚುವ ಚಾಕು. ಬೆಳಿಗ್ಗೆ ಸೊಪ್ಪು ಕಡಿಯಲು ತೆಗೆದುಕೊಂಡದ್ದು ಹಾಗೇ ಉಳಿದಿತ್ತು. ಟಗರಿನ ಕೊಂಬಿನ ಹಿಡಿ, ಅದರಲ್ಲಿ ನಿಮ್ಮ ಹೆಬ್ಬೆರಳು ಸವೆಸಿದ ಕುಳಿ. ನಮ್ಮ ಮಂದೆಯ ಗುರುತಿಗೆಂದು ಮರಿಗಳ ಎಡಗಿವಿಗೆ ಕಚ್ಚು ಹಾಕುತ್ತಿದ್ದುದು ಅದರಲ್ಲೇ. "ಮರಿ ಒಂದೇ ಸಲ ಕೂಗ್ಬೇಕು. ಎರಡ್ನೇ ಸಲ ಕೂಗಿದ್ರೆ ತಪ್ಪು ಕತ್ತೀದು" ಎನ್ನುತ್ತಿದ್ದಿರಿ. ಅದನ್ನು ತಂದು ಕೊಡುವ ಧೈರ್ಯವಾಗಲಿಲ್ಲ. ಮೂರು ತಿಂಗಳ ಮೇಲೆ ತೊಪ್ಪೂರು ಕಣಿವೆಯಲ್ಲಿ ಲೋಡಿನ ಮೇಲೆ ನಿಂತು ಟಾರ್ಪಾಲಿನ ಹಗ್ಗ ಕತ್ತರಿಸುವಾಗ ಅದು ಕೈಜಾರಿ ಕೆಳಗಿನ ಕೊರಕಲಿಗೆ ಬಿತ್ತು. ಪೊನ್ನುಸ್ವಾಮಿ ಅಣ್ಣ ಲಾರಿ ನಿಲ್ಲಿಸಿ ನನ್ನ ಜೊತೆ ಮುಳ್ಳಿನಲ್ಲಿ ಇಳಿದು ಹುಡುಕಿದರು. ಸಿಗಲಿಲ್ಲ. ಮನೆ ಬಿಟ್ಟ ದಿನ ಬಾರದ ಅಳು ಅಲ್ಲಿ ಬಂತು.

ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದು ಆ ದೀಪಾವಳಿ ಕಳೆದ ಮೇಲೆ ಬಂದೆ. ಹೊಸ್ತಿಲಿನ ಆಚೆ ನಿಂತೆ. "ನನ್ನ ಕತ್ತಿ ಎಲ್ಲಿ" ಅಂದಿರಿ. ಕಳೆದುಹೋಯಿತು ಅಂದೆ. ನೀವು, "ಅಂಗಾರೆ ಬೇರೆದ ತಂದ್ಕೊಡು. ಕೊಡೋಗಂಟ ನಿನ್ನ ಬುಡಾಕಿಲ್ಲ" ಅಂದಿರಿ. ಒಳಗಿನಿಂದ ಅತ್ತೆ ಮುದ್ದೆ ಆರುತ್ತಿದೆ ಎಂದು ಕೂಗಿದರು. ನೀವು ನನ್ನ ಕಡೆ ನೋಡದೆ ಅವರಿಗೆ ಹೇಳಿದಿರಿ, "ಅಸ್ಕಂಡು ಓದೋನು ಕತ್ತಿ ಎಲ್ಲಿಂದ ತತ್ತಾನೆ. ಒಳಕ್ಕೆ ಬಂದು ಉಣ್ಣಾಕೇಳು." ಹೀಗೆ ನಾನು ಹೊಸ್ತಿಲು ತುಳಿದೆ. ಬಂದವನು ತಂಗಿ ಮಗನಲ್ಲ, ಕತ್ತಿ ಕೊಡಬೇಕಾದವನು ಎಂದು ನಾವಿಬ್ಬರೂ ಒಪ್ಪಿಕೊಂಡ ಹಾಗಿತ್ತು.

ಮೊದಲನೆಯದನ್ನು ಸೇಲಂ ಪೇಟೆಯಲ್ಲಿ ಕೊಂಡೆ. ಹಿತ್ತಾಳೆ ಹಿಡಿ, ಅದರ ಮೇಲೆ ನವಿಲು. ನೋಡಲು ಚೆಂದವಿದ್ದರೆ ಸಾಕು ಎಂದುಕೊಂಡಿದ್ದೆ. ನೀವು ಅದನ್ನು ಬಿಡಿಸಲೂ ಇಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಿರಿ. "ಇದು ಕತ್ತಿ ಅಲ್ಲ ಕಣ್ಲಾ, ಗೆಜ್ಜೆ. ಎತ್ತಿನ ಕತ್ತಿಗೆ ಕಟ್ಟು" ಅಂದಿರಿ. ಬೊಂಬಾಯಿಯಿಂದ ಗುಂಡಿ ಒತ್ತಿದರೆ ಚಿಮ್ಮುವ ಚಾಕು ತಂದೆ. ಅದು ಚಿಮ್ಮಿದಾಗ ಅತ್ತೆ ಬೆಚ್ಚಿಬಿದ್ದರು. ನೀವು ಹಿಂದಕ್ಕೆ ಕೊಡುತ್ತ, "ಇದ ಮಾಡ್ದೋನು ಕುರಿ ನೋಡ್ದೋನಲ್ಲ, ಮನುಷ್ಯರ ನೋಡ್ದೋನು" ಅಂದಿರಿ. ಮದರಾಸಿನ ಹಾರ್ಬರಿನ ಹತ್ತಿರ ಕೊಂಡ ಕೆಂಪು ಹಿಡಿಯ ಫಾರಿನ್ ಚಾಕು ಅಂತೂ ನನ್ನ ಅರ್ಧ ತಿಂಗಳ ಸಂಬಳ ನುಂಗಿತ್ತು. ಕತ್ತರಿ, ಗರಗಸ, ಡಬ್ಬ ತೆರೆಯುವುದು, ಸೀಸೆಯ ಬಿರಡೆ ಕೀಳುವ ಸುರುಳಿ, ಎಲ್ಲ ಇದ್ದವು. ಒಂದೊಂದನ್ನೂ ಬಿಡಿಸಿ ನೆಲದ ಮೇಲಿಟ್ಟು ಏಡಿಯನ್ನು ನೋಡುವ ಹಾಗೆ ನೋಡಿದಿರಿ. "ಇಷ್ಟೊಂದು ಕೆಲ್ಸ ಮಾಡ್ತೀನಿ ಅನ್ನೋನು ಒಂದನ್ನೂ ನೆಟ್ಟಗೆ ಮಾಡಾಕಿಲ್ಲ" ಎಂಬುದು ಅದರ ತೀರ್ಪು.

ಮೊಸರಿನಲ್ಲಿ ಕಲ್ಲು ಹುಡುಕುವುದನ್ನು ನಿಮ್ಮಿಂದ ಕಲಿಯಬೇಕು ಎಂದು ದಾರಿಯುದ್ದಕ್ಕೂ ಬೈದುಕೊಂಡು ಹೋಗುತ್ತಿದ್ದೆ. ಆದರೆ ನಿಮ್ಮ ಪ್ರತಿ "ಬೇಡ"ದ ಜೊತೆಗೂ ಒಂದು ಪಾಠ ಇರುತ್ತಿತ್ತು. ಮಡಚಿದ ಚಾಕನ್ನು ಬೆಳಕಿಗೆ ಹಿಡಿದು ಸಂದು ನೋಡುವುದು, ಅಲಗನ್ನು ಅಡ್ಡಕ್ಕೆ ಒತ್ತಿ ಅಲ್ಲಾಡುತ್ತದೆಯೋ ನೋಡುವುದು, ಮುಚ್ಚುವಾಗ ಸದ್ದು ಒಂದೇ ಬರಬೇಕು, ಎರಡು ಬಂದರೆ ಒಳಗಿನ ಸ್ಪ್ರಿಂಗು ಸೋತಿದೆ ಎಂಬುದು, ಎಲ್ಲ ನೀವು ಹೇಳಿಕೊಟ್ಟದ್ದು. ಒಮ್ಮೆ ಕೊಬ್ಬರಿ ಎಣ್ಣೆ ಹಾಕಿ ಕೀಲು ಅಂಟುಗಟ್ಟಿದಾಗ ಸರಿಯಾಗಿ ಬೈದಿರಿ. ಬೈದು ಮುಗಿಸಿ, ತೊಳೆಯದ ಉಣ್ಣೆಯನ್ನು ಒಂದು ಹಿಡಿ ತಂದುಕೊಟ್ಟು, "ಇದ್ರಾಗೆ ಸುತ್ತಿಡು. ಕುರಿ ಜಿಡ್ಡು ಇದ್ರೆ ತುಕ್ಕು ಬರಾಕಿಲ್ಲ" ಅಂದಿರಿ. ಅಲ್ಲಿಂದ ಮುಂದೆ ಪ್ರತಿ ಸಲವೂ ಚಾಕು ಹಿಂದಕ್ಕೆ ಬರುವಾಗ ಜೊತೆಗೆ ಒಂದು ಹಿಡಿ ಉಣ್ಣೆ ಇರುತ್ತಿತ್ತು. ಬೇಡವಾದ ಚಾಕು ತುಕ್ಕು ಹಿಡಿದರೆ ನಿಮಗೇನು ಎಂದು ನಾನು ಯಾಕೆ ಯೋಚಿಸಲಿಲ್ಲವೋ.

ಏಳನೆಯದು ಮದರಾಸಿನ ಮೂರ್ ಮಾರ್ಕೆಟ್ಟಿನಲ್ಲಿ ಸಿಕ್ಕ ಹಳೆಯದು. ಯಾರೋ ಪುಣ್ಯಾತ್ಮ ಬಹಳ ವರ್ಷ ಬಳಸಿದ್ದು, ಕರಿ ಹಿಡಿ ಕನ್ನಡಿಯಂತಾಗಿತ್ತು. ನೀವು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಎಲೆಯಡಿಕೆ ಮುಗಿಸಿದಿರಿ. "ಬಲೇ ಒಳ್ಳೇದು. ಆದ್ರೆ ಇನ್ನೊಬ್ಬರ ಕೈಗೆ ಪಳಗೈತೆ" ಎಂದು ಹಿಂದಕ್ಕೆ ಕೊಟ್ಟಿರಿ. ನಿಜ ಹೇಳುತ್ತೇನೆ ಮಾವ, ಆವತ್ತು ನೀವು ಬೇಡ ಅಂದದ್ದಕ್ಕೆ ನನಗೆ ಸಂತೋಷವಾಯಿತು. ಕೊಡಲು ಮನಸ್ಸಿರಲಿಲ್ಲ. ಶಂಕಗಿರಿಗೆ ಬಂದು ತಗಡಿನ ಪೆಟ್ಟಿಗೆ ತೆಗೆದು ಏಳನ್ನೂ ಚಾಪೆಯ ಮೇಲೆ ಹರಡಿದೆ. ಅಲ್ಲಿಯವರೆಗೆ ಅವು ನನ್ನ ಸೋಲುಗಳಾಗಿದ್ದವು, ಅವತ್ತು ನನ್ನ ಆಸ್ತಿಯಾದವು. ಲಾರಿ ಸ್ಟ್ಯಾಂಡಿನಲ್ಲಿ ನನಗೆ ಪೇನಾಕತ್ತಿ ನಂಜಪ್ಪ ಎಂದೇ ಹೆಸರಾಯಿತು, ಮಡಚುವ ಚಾಕಿಗೆ ಇಲ್ಲಿಯ ತಮಿಳಿನಲ್ಲಿ ಪೇನಾಕತ್ತಿ ಅನ್ನುತ್ತಾರೆ. ಎಲ್ಲೆಲ್ಲಿಯ ಡ್ರೈವರುಗಳೋ ಚಾಕು ತಂದು ತೋರಿಸಿ ಇದು ಹೇಗಿದೆ ಹೇಳು ಎನ್ನತೊಡಗಿದರು. ನಾನು ಅಲ್ಲಾಡಿಸಿ, ಬೆಳಕಿಗೆ ಹಿಡಿದು, ನಿಮ್ಮ ಧಾಟಿಯಲ್ಲೇ ಮುಖ ಸಿಂಡರಿಸಿ ಹೇಳುತ್ತಿದ್ದೆ. ಮದುವೆಯಾಗಿ ಬಂದ ರಾಜಾತಿ ಮಾತ್ರ ಪೆಟ್ಟಿಗೆ ತೆಗೆದಾಗಲೆಲ್ಲ "ಒರೇ ಆಟ್ಟು ನಾತ್ತಂ" ಎಂದು ಮೂಗು ಮುಚ್ಚಿಕೊಳ್ಳುತ್ತಾಳೆ. ನನಗೆ ಆ ಕುರಿ ವಾಸನೆಯೇ ಊರು.

ಇನ್ನು ಹನ್ನೊಂದನೆಯದು. ಹದಿನಾಲ್ಕು ತಿಂಗಳ ಹಿಂದಿನ ಮಾತು. ನಾಗಪುರದಿಂದ ನಾಲ್ಕು ದಿನ ಓಡಿಸಿಕೊಂಡು ಬಂದು, ಮೈಕೈ ನೋವಿನಲ್ಲಿ, ಬಸ್ ಸ್ಟ್ಯಾಂಡಿನ ಬದಿಯ ಗೋಣಿಯ ಮೇಲೆ ಹರಡಿದ್ದರಲ್ಲಿ ಒಂದನ್ನು ಎತ್ತಿಕೊಂಡು ಬಂದಿದ್ದೆ. ಕಾಗದದಲ್ಲಿ ಸುತ್ತಿದ್ದನ್ನು ಬಿಚ್ಚಲೂ ಇಲ್ಲ, ನಿಮ್ಮ ಮುಂದಿಟ್ಟು, "ಮಾವ, ಇದೇ ಕಡೇದು. ಇನ್ನು ನನ್ ಕೈಲಿ ಅಲೆಯಾಕಾಗಲ್ಲ" ಅಂದುಬಿಟ್ಟೆ. ನೀವು ನನ್ನ ಮುಖವನ್ನೊಮ್ಮೆ ನೋಡಿದಿರಿ. ಬಿಡಿಸಲಿಲ್ಲ, ಅಲ್ಲಾಡಿಸಲಿಲ್ಲ, ಕಾಗದ ಸಮೇತ ಸೊಂಟಕ್ಕೆ ಸಿಕ್ಕಿಸಿಕೊಂಡು, "ಚೆನ್ನಾಗೈತೆ ಬುಡು. ತೀರ್ತು" ಅಂದಿರಿ. ಉಣ್ಣೆ ಕೊಡಲಿಲ್ಲ. ದೊಡ್ಡ ಹೊರೆ ಇಳಿಯಿತೆಂದು ನಾನು ಬಸ್ಸಿನಲ್ಲಿ ಸೇಲಂವರೆಗೂ ಸುಖವಾಗಿ ನಿದ್ದೆ ಮಾಡಿದೆ. ಅಷ್ಟು ಪೆದ್ದ ನಾನು. ತೀರಿತು ಅಂದ ಮೇಲೆ ಬರಲು ಕಾರಣವೇನು ಎಂದು ಅಲ್ಲಿಂದ ಈಚೆಗೆ ಊರ ಕಡೆ ತಲೆ ಹಾಕಲಿಲ್ಲ. ಮಗು ಹುಟ್ಟಿತೆಂದು ಹೇಳಿ ಕಳಿಸಿದಾಗ ಅತ್ತೆ ಒಬ್ಬರೇ ಬಂದರು. ಕುರಿ ನೋಡುವವರಿಲ್ಲ ಎಂದಿರಂತೆ.

ಅತ್ತೆಯ ಗಂಟಿನಲ್ಲಿ ರಾಗಿ, ತುಪ್ಪ, ಬೆಳ್ಳುಳ್ಳಿಯ ಜೊತೆ ಒಂದು ಹಿಡಿ ತೊಳೆಯದ ಉಣ್ಣೆ ಇತ್ತು. "ಪೆಟ್ಟಿಗೆದು ಒಣಗಿರ್ತದೆ, ಇದ ಆಕಾಕೇಳು ಅಂತು ನಿಮ್ಮಾವ. ಯಾವ ಪೆಟ್ಟಿಗೆಲಾ?" ಎಂದು ಕೇಳಿದರು. ತೆಗೆದು ತೋರಿಸಿದೆ. ಹತ್ತೂ ಚಾಕು ನೋಡಿ ಅತ್ತೆ ಮೊದಲು ನಕ್ಕರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅಯ್ಯೋ ಮಂಕೆ, ಆವಯ್ಯನತ್ರ ಕತ್ತಿ ಇರ್ಲಿಲ್ಲ ಅಂದ್ಕಂಡಿದ್ದಾ? ನೀನು ಓದ ವಾರವೇ ಪಾಲಕೋಡ್ ಸಂತೇಲಿ ಒಂದು ತಂದ್ಕಂತು. ನೀನು ಬತ್ತೀಯ ಅಂತ ಸುದ್ದಿ ಬಂದ್ರೆ ಓಡೋಗಿ ಅದ್ನ ರಾಗಿ ಮಡಕೆ ಒಳಗೆ ಊತಾಕ್ತಿತ್ತು. ನೀನು ಓದ ಮೇಲೆ ತೆಗೀತಿತ್ತು. ಬಾ ಅನ್ನಾಕೆ ಬಾಯಿ ಬರ್ಬೇಕಲ್ಲ."

ಹೇಳಿ ಕಳಿಸಿ ಬಾ ಎಂದು ನೀವು ಪ್ರತಿ ಸಲ ಹೇಳುತ್ತಿದ್ದುದು ಯಾಕೆ ಎಂದು ಆಗ ಗೊತ್ತಾಯಿತು. ಒಮ್ಮೆ ಅತ್ತೆಗೆಂದು ರಾಗಿ ತೆಗೆಯಲು ಹೋದಾಗ "ಅದ ಮುಟ್ಟಬ್ಯಾಡ" ಎಂದು ನೀವು ಗುಡುಗಿದ್ದೂ ನೆನಪಾಯಿತು. ಈಗಲೂ ಬಚ್ಚಿಡುತ್ತಾರಾ ಎಂದು ಕೇಳಿದೆ. "ಈಗ್ಯಾಕೆ ಬಚ್ಚಿಡ್ತದೆ. ನೀನು ಬರಾಕಿಲ್ವಲ್ಲ. ಬಾಗಿಲ ಪಕ್ಕದ ಗೂಟಕ್ಕೇ ನೇತಾಕೈತೆ" ಅಂದರು. ನಾನು ಕೊಟ್ಟದ್ದು ಕಾಗದ ಸಮೇತ ದೇವರ ಗೂಡಿನಲ್ಲಿದೆಯಂತೆ, ಇನ್ನೂ ಬಿಚ್ಚಿಲ್ಲವಂತೆ. ಆ ಗೂಟದ ಮಾತು ಕೇಳಿದಾಗಿನಿಂದ ನನಗೆ ಊಟ ರುಚಿಸಿಲ್ಲ.

ಅತ್ತೆಯನ್ನು ಬೈಯಬೇಡಿ. ಅವರು ಹೇಳದೆ ಇದ್ದಿದ್ದರೆ ನಾನು ಈ ಜನ್ಮದಲ್ಲಿ ತಿಳಿದುಕೊಳ್ಳುತ್ತಿರಲಿಲ್ಲ. ಹೊರಟುಹೋಗುವಾಗ ಕೇಳದೆ ಹೋದದ್ದು ನನ್ನ ತಪ್ಪು. ಇದೇ ಕಡೇದು ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ನೀವು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿಲ್ಲ ಮಾವ. ನಿಮ್ಮ ಮಾತು ನಿಮ್ಮ ಹತ್ತಿರವೇ ಇರಲಿ. ನನಗೆ ನಮ್ಮ ಹಳೆಯ ಏರ್ಪಾಡೇ ಸಾಕು.

ಶುಕ್ರವಾರ ಹನ್ನೆರಡನೆಯ ಚಾಕು ತರುತ್ತೇನೆ. ಹತ್ತು ವರ್ಷ ಒಳ್ಳೆಯದನ್ನು ಹುಡುಕಿದವನು ಈ ಸಲ ಎರಡು ದಿನ ಅಂಗಡಿ ಅಂಗಡಿ ಅಲೆದು ಕೆಟ್ಟದ್ದನ್ನು ಹುಡುಕಿದ್ದೇನೆ. ಅಲಗು ಅಲ್ಲಾಡುತ್ತದೆ, ಮುಚ್ಚಿದರೆ ಎರಡು ಸದ್ದು ಬರುತ್ತದೆ, ಸಂದಿನಲ್ಲಿ ರಾಗಿ ಕಾಳು ಹಿಡಿಸುತ್ತದೆ. ನಿಮಗೆ ತಪ್ಪು ಹುಡುಕಲು ಕಷ್ಟವಾಗಬಾರದು. ದೇವರ ಗೂಡಿನಲ್ಲಿರುವ ಹನ್ನೊಂದನೆಯದನ್ನೂ ಬಿಚ್ಚಿ ನೋಡಿ, ನಾಲ್ಕು ಬೈದು, ಹಿಂದಕ್ಕೆ ಕೊಡಿ. ಪೆಟ್ಟಿಗೆಯಲ್ಲಿ ಅದರ ಜಾಗ ಖಾಲಿ ಇದೆ. ಉಣ್ಣೆ ಎರಡು ಹಿಡಿ ಬೇಕಾಗುತ್ತದೆ.

ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಿ. ಅವನು ಹೊಸ್ತಿಲು ತುಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದುಕೊಂಡಿದ್ದೇನೆ. ಶುಕ್ರವಾರಕ್ಕೆ ಇನ್ನೂ ಐದು ದಿನ ಇದೆ. ಅಷ್ಟರೊಳಗೆ ಆ ಪಾಲಕೋಡ್ ಚಾಕನ್ನು ಗೂಟದಿಂದ ತೆಗೆದು ರಾಗಿ ಮಡಕೆಯಲ್ಲಿ ಹೂತುಬಿಡಿ. ನಾನು ಆ ಮಡಕೆಯನ್ನು ಮುಟ್ಟುವುದಿಲ್ಲ.

ಎಂದೆಂದಿಗೂ ನಿಮಗೊಂದು ಕತ್ತಿ ಕೊಡಬೇಕಾಗಿರುವ
ನಿಮ್ಮ ನಂಜಪ್ಪ